ವಾಪಸ್ ಬಾರದ ಲೈನ್ ಕ್ಲಿಯರ್

2025 ಜೂನ್ 12, ಗುರುವಾರ

ಎರಡು ದಿನದಿಂದ ಡ್ಯೂಟಿಗೆ ಬರಬೇಡ ಎಂದಿದ್ದಾರೆ. ಅಪ್ಪನ ಹಳೆಯ ಡೈರಿಯಲ್ಲಿ ಖಾಲಿ ಉಳಿದ ಹಾಳೆಗಳಿದ್ದವು, ತೆಗೆದುಕೊಂಡೆ. ಆರು ವರ್ಷ ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ಲಾಗ್‌ಶೀಟ್ ಬರೆದ ಕೈ ಇದು. ಏನೂ ಬರೆಯದೆ ಕೂತರೆ ಯಾವುದೋ ಕಾಲಂ ಬಿಟ್ಟುಹೋದಂತೆ ಅನಿಸುತ್ತದೆ.

ಮಂಗಳವಾರದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ. ಬೆಳಿಗ್ಗೆ 9.50ಕ್ಕೆ ಲೈನ್‌ಮನ್ ಹುಲುಗೇಶ್ ಫೋನ್ ಮಾಡಿ ಮೂರನೇ ಫೀಡರಿಗೆ, ಪಂಪ್‌ಹೌಸ್ ಕಡೆ ಹೋಗುವ ಲೈನಿಗೆ, ಎಲ್.ಸಿ. ಕೇಳಿದರು. ಲೈನ್ ಕ್ಲಿಯರ್. ಕಂಬ ಹತ್ತುವವನಿಗೆ ಸಬ್‌ಸ್ಟೇಷನ್ ಕೊಡುವ ಮಾತು ಅದು: ನೀನೇ ಕೆಳಗಿಳಿದು ಫೋನ್ ಮಾಡಿ ‘ಮುಗೀತು, ವಾಪಸ್ ತಗೊಳ್ರಿ’ ಎನ್ನುವವರೆಗೆ ಈ ಲೈನಿಗೆ ಕರೆಂಟ್ ಬಿಡುವುದಿಲ್ಲ. ಲೈನ್ ಬಂದ್ ಮಾಡಿ, ಎಲ್.ಸಿ. ಪುಸ್ತಕದಲ್ಲಿ ಬರೆದು, ನಂಬರ್ ಕೊಟ್ಟೆ.

ಮಧ್ಯಾಹ್ನ ಅಪ್ಪನನ್ನು ಹೊಸಪೇಟೆಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ನನ್ನ ಬದಲು ಕೂರಲು ಜೊತೆಯ ಆಪರೇಟರ್ ಚಂದ್ರಕಲಾ ಹನ್ನೊಂದೂವರೆಗೇ ಬಂದಿದ್ದಳು. 11.40ಕ್ಕೆ ನಮ್ಮ ಜೂನಿಯರ್ ಎಂಜಿನಿಯರ್ ಲಿಂಗರಾಜ್ ಸಾಹೇಬರ ಫೋನ್ ಬಂತು. ನಾನು ರೀಡಿಂಗ್ ಬರೆಯುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದೆ.

“ಸುಧಾ, ನಮ್ಮ ಮಂದಿ ಎಲ್ಲಾ ಕೆಳಗ ಇಳದಾರ. ನಾ ಇಲ್ಲೇ ನಿಂತೀನಿ. ಪಂಪ್‌ಹೌಸ್ ಉದ್ಘಾಟನೆಗೆ ದೊಡ್ಡವ್ರು ಬಂದು ಕುಂತಾರ. ಜಲ್ದಿ ಚಾರ್ಜ್ ಮಾಡು.”

“ಹುಲುಗೇಶಣ್ಣ ಇನ್ನೂ ಎಲ್.ಸಿ. ವಾಪಸ್ ಕೊಟ್ಟಿಲ್ರಿ ಸರ್.”

“ನಾ ಹೇಳಾಕತ್ತೀನಲ್ಲ. ಆಮ್ಯಾಲೆ ಕೊಡ್ತಾನ.”

ಲೈನ್ ಚಾರ್ಜ್ ಆಯಿತು, ಕರೆಂಟ್ ಹರಿಯಿತು. ಮರುಕ್ಷಣವೇ ಟ್ರಿಪ್ ಆಗಿ ತಾನಾಗೇ ಕಡಿಯಿತು. ಹುಲುಗೇಶ್ ಇನ್ನೂ ಕಂಬದ ಮೇಲಿದ್ದರು.

ಸಂಜೆ ಸಾಹೇಬರು ಬಂದು ಎಲ್.ಸಿ. ಪುಸ್ತಕವನ್ನು ತಾವೇ ತೆಗೆದುಕೊಂಡು ಹೋದರು. “ಪೊಲೀಸರ ಕೈಗೆ ಸಿಕ್ಕರ ಒಂದಕ್ಕ ನಾಕು ಮಾಡ್ತಾರ. ನೀ ಚಿಂತಿ ಮಾಡಬ್ಯಾಡ, ನಾ ಅದೀನಿ” ಎಂದರು. ಅವರ ಮುಖ ಬಿಳಿಚಿಕೊಂಡಿತ್ತು, ಆದರೂ ನನಗೆ ಧೈರ್ಯ ಹೇಳಿದರು. ಅಂಥ ಮೇಲಧಿಕಾರಿ ಸಿಕ್ಕಿದ್ದು ನನ್ನ ಪುಣ್ಯ.

ಜೂನ್ 14, ಶನಿವಾರ

ಹುಲುಗೇಶ್ ಮನೆಗೆ ಹೋಗಿಬರಬೇಕೆಂದಿದ್ದೆ. ಹೆಂಡತಿ ತುಳಸಿ, ನಾಲ್ಕು ವರ್ಷದ ಮಗಳು ಇದ್ದಾರಂತೆ. ಈಗ ಬೇಡ, ಜನ ಸಿಟ್ಟಿನಲ್ಲಿದ್ದಾರೆ ಎಂದು ಸಾಹೇಬರು ತಡೆದರು. ಅದೂ ಸರಿಯೇ.

ಜೂನ್ 19, ಗುರುವಾರ

ಠಾಣೆಯಿಂದ ಒಬ್ಬರು ಮನೆಗೇ ಬಂದು ನೋಟಿಸ್ ಕೊಟ್ಟರು. ನಿರ್ಲಕ್ಷ್ಯದಿಂದ ಸಾವು, ಸೆಕ್ಷನ್ 106. ಆರೋಪಿ ಎಂಬ ಪದದ ಮುಂದೆ ‘ಸುಧಾರಾಣಿ ತಂದೆ ಗಾದಿಲಿಂಗಪ್ಪ’ ಎಂದಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ಮೂವತ್ತೊಂದು ವರ್ಷ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡಿ ಒಂದು ಮೆಮೊ ಕೂಡ ತೆಗೆದುಕೊಂಡವರಲ್ಲ.

ಅರೆಸ್ಟ್ ಮಾಡುತ್ತಾರಾ? ಜಾಮೀನು ಸಿಗುತ್ತದಾ? ಎಷ್ಟು ದಿನ ಒಳಗಿಡುತ್ತಾರೆ? ಕೆಲಸ ಹೋಗುತ್ತದಾ? ಕೇಳಲು ಸಾಹೇಬರನ್ನು ಬಿಟ್ಟರೆ ನನಗೆ ಯಾರಿದ್ದಾರೆ. ಫೋನ್ ಮಾಡಿದೆ.

“ವಕೀಲರ ಗೊಡವಿನ ಬ್ಯಾಡ. ಅವರು ಹತ್ತು ವರ್ಷ ಎಳೀತಾರ. ಕಣ್ತಪ್ಪಿನಿಂದ ಆಯ್ತು ಅಂತ ಒಪ್ಕೊಂಡುಬಿಡು. ಒಂದಿಷ್ಟು ದಂಡ ಹಾಕ್ತಾರ, ಕೇಸ್ ಮುಗೀತು. ಪತ್ರ ನಾನ ಟೈಪ್ ಮಾಡಿಸಿ ಕಳಸ್ತೀನಿ, ಸಹಿ ಹಾಕು.”

ಸಂಜೆಗೆ ಪತ್ರ ಬಂತು. ಸಹಿ ಹಾಕುತ್ತಿದ್ದೆ, ಅಪ್ಪ ಪೆನ್ನು ಹಿಡಿದುಕೊಂಡರು. “ಕಾನೂನು ಬಲ್ಲವರನ್ನ ಒಂದ್ಸಲ ಕೇಳವ್ವ. ಹೆಣ್ಮಕ್ಕಳಿಗೆ ಕೋರ್ಟಿನಾಗ ಪುಕ್ಕಟೆ ವಕೀಲರನ್ನ ಕೊಡ್ತಾರ.” ಅಪ್ಪನಿಗೆ ಯಾರ ಮೇಲೂ ನಂಬಿಕೆ ಇಲ್ಲ. ಸಿಟ್ಟು ಬಂತು. ಅವರು ಬಾಬಾಸಾಹೇಬರ ಫೋಟೊ ಮುಂದೆ ಮೇಣದಬತ್ತಿ ಹಚ್ಚಿ ಕೂತರು. ನಾನು ಸಹಿ ಹಾಕಲಿಲ್ಲ.

ಜೂನ್ 24, ಮಂಗಳವಾರ

ಹೊಸಪೇಟೆ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋದೆವು. ಅರ್ಜಿ ಬರೆಸಿಕೊಂಡು ಪಲ್ಲವಿ ಎಂಬ ವಕೀಲರನ್ನು ಕೊಟ್ಟರು. ನನ್ನದೇ ವಯಸ್ಸು, ಸಂಡೂರು ಕಡೆಯವರು. ನನ್ನ ಪ್ರಶ್ನೆಗಳ ಚೀಟಿ ನೋಡಿ ನಕ್ಕರು. “ಎಲ್ಲರೂ ಇವನ್ನೇ ಕೇಳ್ತಾರ್ರಿ. ಒಂದೊಂದ ಕೇಳ್ರಿ.”

“ಅರೆಸ್ಟ್ ಮಾಡ್ತಾರಾ ಮೇಡಂ?”

“ನೋಟಿಸ್ ಕೊಟ್ಟಾರಲ್ಲ, ಕರದಾಗೆಲ್ಲ ಹೋದ್ರ ಸಾಮಾನ್ಯವಾಗಿ ಮಾಡಂಗಿಲ್ಲ. ಮಾಡಿದ್ರೂ ಇದು ಜಾಮೀನು ಸಿಗೋ ಸೆಕ್ಷನ್ನು. ಜಾಮೀನು ನಿಮ್ಮ ಹಕ್ಕು, ಯಾರೂ ದಯಮಾಡಿ ಕೊಡೋದಲ್ಲ.”

“ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕಾ?”

“ಹೆಸರು, ವಿಳಾಸ, ಕೆಲಸ ಹೇಳ್ರಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳ್ರಿ ಅಂತ ಒತ್ತಾಯ ಮಾಡಾಕ ಯಾರಿಗೂ ಅಧಿಕಾರ ಇಲ್ಲ. ಸುಮ್ಮನಿರಬಹುದು. ಸುಳ್ಳು ಮಾತ್ರ ಹೇಳಬ್ಯಾಡ್ರಿ. ಪೊಲೀಸರು ಬರ್ಕೊಂಡ ಹೇಳಿಕೆಗೆ ಸಹಿ ಹಾಕೋ ಅಗತ್ಯನೂ ಇಲ್ಲ.”

“ಒಪ್ಕೊಂಡ್ರ ದಂಡದಾಗ ಮುಗೀತದಂತ.”

ಬರೆಯುತ್ತಿದ್ದವರು ನಿಲ್ಲಿಸಿದರು. “ಯಾರು ಹೇಳಿದ್ರು?”

ಸಾಹೇಬರ ಪತ್ರ ಕೊಟ್ಟೆ. ನಿಧಾನವಾಗಿ ಓದಿದರು. “ಐದು ವರ್ಷದ ತನಕ ಶಿಕ್ಷೆ ಇರೋ ಸೆಕ್ಷನ್ ಇದು. ಬರೇ ದಂಡ ಹಾಕಿದ್ರೂ ಅಪರಾಧಿ ಅಂತ ತೀರ್ಪಾದಂಗ, ನೌಕರಿಗೆ ಕುತ್ತು. ಒಪ್ಕೊಂಡ ಮ್ಯಾಲೆ ಫೋನ್ ಯಾರು ಮಾಡಿದ್ರು ಅಂತ ಯಾರೂ ಕೇಳಂಗಿಲ್ಲ. ಇದರಾಗ ಆ ಫೋನಿನ ಸುದ್ದಿನ ಇಲ್ಲ. ನೋಡೀರಾ?”

ನೋಡಿರಲಿಲ್ಲ. ಅವಸರದಲ್ಲಿ ಬಿಟ್ಟಿರಬಹುದು ಎಂದೆ. ಅವರು ಪತ್ರವನ್ನು ತಮ್ಮ ಫೈಲಿಗೆ ಸೇರಿಸಿಕೊಂಡರು.

ಜುಲೈ 3, ಗುರುವಾರ

ಠಾಣೆಗೆ ಕರೆದಿದ್ದರು. ಪಲ್ಲವಿ ಮೇಡಂ ಜೊತೆಗಿದ್ದರು. ಎಸ್.ಐ. ಫೈಲು ತಿರುವಿಹಾಕುತ್ತ ಕೇಳಿದರು: “ಯಾರೂ ಹೇಳದಿದ್ರೂ ಲೈನ್ ಯಾಕ ಚಾರ್ಜ್ ಮಾಡಿದ್ರಿ?”

ಸುಮ್ಮನಿರಬೇಕೆಂದು ಹೇಳಿಕೊಟ್ಟಿದ್ದನ್ನೆಲ್ಲ ಮರೆತೆ. “ಸಾಹೇಬರು ಹೇಳಿದ್ರಲ್ರಿ, ಫೋನ್ ಮಾಡಿ.”

“ಲೋಡ್ ಎಷ್ಟೈತಿ ಅಂತ ಕೇಳಾಕ ಫೋನ್ ಮಾಡಿದ್ದೆ ಅಂತಾರ ಅವರು. ಚಾರ್ಜ್ ಮಾಡು ಅಂದಿಲ್ಲಂತ. ಆ ಹೆಣ್ಮಗಳಿಗೆ ಮೊದಲಿಂದ ಗಡಿಬಿಡಿ ಅಂತನೂ ಹೇಳಿಕೆ ಕೊಟ್ಟಾರ.”

ಮೂರನೇ ಫೀಡರೇ ಬಂದ್ ಇರುವಾಗ ಯಾವ ಲೋಡು ಕೇಳುತ್ತಾರೆ? ಆದರೆ ಆ ಕ್ಷಣಕ್ಕೆ ಅದು ಹೊಳೆಯಲಿಲ್ಲ. “ಚಂದ್ರಕಲಾ ಅಲ್ಲೇ ಇದ್ದಳು. ಸ್ಪೀಕರಿನಾಗ ಕೇಳ್ಯಾಳ. ಅಕೀನ ಕೇಳ್ರಿ” ಎಂದೆ.

“ಕೇಳೀವ್ರಿ. ಅವತ್ತು ಎರಡು ಗಂಟೆಗೆ ಡ್ಯೂಟಿಗೆ ಬಂದೆ ಅಂದಾರ.”

ಬಸ್ಸಿನಲ್ಲಿ ಅಪ್ಪ ಏನೇನೋ ಕೇಳುತ್ತಿದ್ದರು. ನಾವು ಇಳಿಯಬೇಕಿದ್ದ ಟಿ.ಬಿ. ಡ್ಯಾಂ ಸ್ಟಾಪು ದಾಟಿ ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಜುಲೈ 4, ಶುಕ್ರವಾರ

ಚಂದ್ರಕಲಾ ಮನೆಗೆ ಹೋದೆ. ತರಬೇತಿಯ ಒಂದು ವರ್ಷ ಒಂದೇ ಕೋಣೆ, ಒಂದೇ ಬಕೆಟ್ಟು. ಅವಳ ಮಗ ಹುಟ್ಟಿದಾಗ ಎರಡು ತಿಂಗಳು ಅವಳ ಪಾಳಿಯನ್ನೂ ನಾನೇ ಮಾಡಿದ್ದೆ. ಬಾಗಿಲು ತೆಗೆದವಳು ಕುಂದ್ರು ಎಂದು ಒಳಗೆ ಹೋಗಿ ಚಹಾ ಮಾಡಲು ನಿಂತಳು. ಹೊರಗೆ ಬರಲೇ ಇಲ್ಲ. ನಾನೇ ಅಡುಗೆಮನೆಗೆ ಹೋದೆ. ನೆಲದ ಮೇಲೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದ್ದಳು.

“ಸಂಡೂರಿಗೆ ಟ್ರಾನ್ಸ್‌ಫರ್ ಆಗೇತಿ” ಎಂದಳು, ಒಲೆಯ ಕಡೆಗೇ ಮುಖ ಮಾಡಿ.

ಗಂಡ ಸಂಡೂರಿನ ಕಡೆ ಫ್ಯಾಕ್ಟರಿಯಲ್ಲಿ. ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಪ್ರತಿ ಸಲ ಆ ಅರ್ಜಿ ಬರೆದುಕೊಟ್ಟವಳು ನಾನು.

“ಯಾವಾಗ ಬಂತು ಆರ್ಡರು?”

“ಮೊನ್ನೆ, ಮೂವತ್ತಕ್ಕ.”

“ಹೇಳಿಕೆ ಯಾವಾಗ ಕೊಟ್ಟಿ?”

ಚಹಾ ಉಕ್ಕಿತು, ಬಟ್ಟೆಯಿಂದ ಒರೆಸಿದಳು. ಆಮೇಲೆ ಹೇಳಿದಳು: “ನಿನಗ ಜಾಮೀನು ಸಿಗತೈತಂತ. ಸಾಹೇಬರು ಹೇಳ್ಯಾರ, ಸುಧಾಗ ಏನೂ ಆಗಂಗಿಲ್ಲ ಅಂತ. ಏನರ ಆಗ್ತಿತ್ತು ಅಂದ್ರ ನಾ ಹಂಗ ಹೇಳ್ತಿದ್ನೇನ?”

ಅದನ್ನು ಅವಳು ನಂಬಿಯೇ ಹೇಳುತ್ತಿದ್ದಳು. ಚಹಾ ಕುಡಿಯದೆ ಎದ್ದು ಬಂದೆ. ಲಿಂಗರಾಜ್ ಸರ್ ಮಾಡಿದ್ದಕ್ಕಿಂತ ಇದು ಇನ್ನೂ ಆಳಕ್ಕೆ ತಾಗಿದೆ. ಅವರು ತಮ್ಮ ತಲೆ ಉಳಿಸಿಕೊಂಡರು. ಇವಳಿಗೆ ಯಾವ ಅಪಾಯವೂ ಇರಲಿಲ್ಲ.

ಜುಲೈ 21, ಸೋಮವಾರ

ಅಮಾನತು ಆದೇಶ ಬಂತು. ಲಿಂಗರಾಜ್ ಕೈಯಿಂದಲೇ ತೆಗೆದುಕೊಳ್ಳಬೇಕಾಯಿತು. ‘ತಗೊಂಡೆ’ ಎಂದು ಸಹಿ ಹಾಕಿದೆ. ಅವರ ಮುಖ ನೋಡಲಿಲ್ಲ.

ಜುಲೈ 22

ಊಟ ಸೇರುತ್ತಿಲ್ಲ.

ಜುಲೈ 28, ಸೋಮವಾರ

ಪಲ್ಲವಿ ಮೇಡಂ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಜೂನ್ ಹತ್ತರ ನನ್ನ ಮತ್ತು ಲಿಂಗರಾಜ್ ಅವರ ಫೋನಿನ ದಾಖಲೆಯನ್ನು ಮೊಬೈಲ್ ಕಂಪನಿಯವರು ಅಳಿಸದೆ ಇಡಬೇಕೆಂದು. ಮಾತು ಅದರಲ್ಲಿ ಇರುವುದಿಲ್ಲ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಮಾಡಿದರು, ಎಲ್ಲಿಂದ ಮಾಡಿದರು ಎಂಬುದು ಮಾತ್ರ ಇರುತ್ತದೆ. ಕಂಬದ ಹತ್ತಿರ ನಿಂತಿದ್ದೇನೆ ಎಂದವರು ನಿಜಕ್ಕೂ ಎಲ್ಲಿದ್ದರು? ಇಷ್ಟು ದಿನ ಈ ಪ್ರಶ್ನೆಯೇ ನನಗೆ ಬಂದಿರಲಿಲ್ಲ.

ಆಗಸ್ಟ್ 6, ಬುಧವಾರ

ಲಿಂಗರಾಜ್ ಮನೆಗೆ ಬಂದಿದ್ದರು. ಅಪ್ಪ ಪೇಟೆಗೆ ಹೋಗಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ನೀರು ಕೇಳಿ ಕುಡಿದು, ಮೊದಲಿನ ಹಾಗೆ ಮಾತಾಡಿದರು.

“ಆಗಿದ್ದು ಆತು ಸುಧಾ. ನಾವಿಬ್ಬರೂ ಯಾಕ ಹಾಳಾಗಬೇಕು? ಎಲ್.ಸಿ. ಪುಸ್ತಕ ಈಗ ಡಿವಿಜನ್ ಆಫೀಸಿಗೆ ಕೊಟ್ಟೀನಿ. ಜೂನ್ ಹತ್ತರ ಹಾಳ್ಯಾಗ ಮೂರನೇ ಫೀಡರಿನ ಎಂಟ್ರಿನ ಇಲ್ಲ.”

“ನಾನ ಬರದಿದ್ದೆ.”

“ಹಾಳಿ ಬ್ಯಾರೆ ಐತಿ ಅಂತ ತಿಳ್ಕೊ. ಎಲ್.ಸಿ. ತಗೊಳ್ದ ತಾನ ಕಂಬ ಹತ್ಯಾನ ಅಂದ್ರ ನಿನ್ನ ಮ್ಯಾಲೂ ಕೇಸ್ ನಿಲ್ಲಂಗಿಲ್ಲ, ನನ್ನ ಮ್ಯಾಲೂ ಬರಂಗಿಲ್ಲ. ಪೊಲೀಸರು ಬಿ ರಿಪೋರ್ಟ್ ಹಾಕಿ ಮುಚ್ಚತಾರ. ನೀ ಎಲ್.ಸಿ. ಕೊಟ್ಟಿದ್ದೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ, ಆ ಫೋನಿನ ಅರ್ಜಿ ವಾಪಸ್ ತಗೊ. ಅಷ್ಟ ಸಾಕು. ಸತ್ತೋರಿಗೆ ಜೈಲಿಲ್ಲ, ಕೋರ್ಟಿಲ್ಲ.”

ಯೋಚಿಸಿ ಹೇಳುತ್ತೇನೆ ಎನ್ನಬಹುದಿತ್ತು. “ಆಯ್ತು ಸರ್” ಎಂದೆ.

ಆಗಸ್ಟ್ 7, ಗುರುವಾರ

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಸುಳ್ಳು ಹೇಳಬೇಕಾದ್ದೇನೂ ಇಲ್ಲ, ಸುಮ್ಮನಿರಬೇಕು ಅಷ್ಟೆ. ಸುಮ್ಮನಿರುವುದು ನನ್ನ ಹಕ್ಕು ಎಂದು ಪಲ್ಲವಿ ಮೇಡಂ ಅವರೇ ಹೇಳಿದ್ದಾರೆ. ನನ್ನ ಬಗ್ಗೆ ಯಾರು ಯೋಚಿಸಿದರು, ನಾನು ಇನ್ನೊಬ್ಬರ ಬಗ್ಗೆ ಯೋಚಿಸಲು?

ಅಪ್ಪನಿಗೆ ಹೇಳಿಲ್ಲ.

ಆಗಸ್ಟ್ 12, ಮಂಗಳವಾರ

ಅಮಾನತಿನ ಜೀವನಾಧಾರ ಭತ್ಯೆಯ ಕಾಗದ ಕೊಡಲು ಹೊಸಪೇಟೆಯ ಕಚೇರಿಗೆ ಹೋಗಿದ್ದೆ. ಗುಮಾಸ್ತರ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಪಕ್ಕದಲ್ಲಿ ವಯಸ್ಸಾದವರೊಬ್ಬರು, ಅವರ ಸೆರಗು ಹಿಡಿದುಕೊಂಡ ಸಣ್ಣ ಮಗು.

“ಅನುಕಂಪದ ನೌಕರಿ ಫೈಲು ಮುಂದ ಹೋಗಂಗಿಲ್ಲಮ್ಮ” ಎಂದು ಗುಮಾಸ್ತರು ಹೇಳುತ್ತಿದ್ದರು. “ನಿಮ್ಮ ಮನಿಯವರು ಎಲ್.ಸಿ. ತಗೊಳ್ದ ಕಂಬ ಹತ್ಯಾರ ಅಂತ ರಿಪೋರ್ಟ್ ಬಂದೈತಿ. ತಪ್ಪು ಅವರದ ಆಗತೈತಿ.”

ತುಳಸಿ ಇವಳೇ. ಅವಳು ದನಿ ಏರಿಸಲಿಲ್ಲ. “ಮನ್ಯಾಗ ಒಂದು ಬಲ್ಬ್ ಬದಲಿ ಮಾಡಬೇಕಂದ್ರೂ ಅವರು ಮೇನ್ ಆಫ್ ಮಾಡ್ತಿದ್ರು ಸರ್. ಹದಿನಾಕು ವರ್ಷ ಈ ಕೆಲಸ ಮಾಡ್ಯಾರ. ಹಂಗ ಹತ್ತಂಗಿಲ್ರಿ ಅವರು.”

“ಬರದಿದ್ದು ಹಂಗೈತಮ್ಮ. ನಾ ಏನು ಮಾಡ್ಲಿ.”

ಅವಳು ತಿರುಗಿದಾಗ ನನ್ನನ್ನೇ ನೋಡಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. “ಅಕ್ಕ, ಇಲ್ಲಿ ಕುಡಿಯೋ ನೀರು ಎಲ್ಲೈತಿ?” ಎಂದಳು. ತೋರಿಸಿದೆ. ನನ್ನ ಕಾಗದ ಕೊಡದೆ ಹೊರಗೆ ಬಂದೆ.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಗಂಟೆಗೊಮ್ಮೆ ಲಾಗ್‌ಶೀಟಿನ ಫೋಟೊ ತೆಗೆದು ಕಚೇರಿಯ ಗ್ರೂಪಿಗೆ ಹಾಕುವುದು ನಮ್ಮ ರೂಢಿ. ನನ್ನನ್ನು ಗ್ರೂಪಿನಿಂದ ತೆಗೆದಿದ್ದಾರೆ, ಫೋಟೊಗಳು ನನ್ನ ಫೋನಿನಲ್ಲೇ ಇವೆ. ಜೂನ್ ಹತ್ತು, ಹನ್ನೊಂದು ಗಂಟೆಯದು ಸಿಕ್ಕಿತು. ಲಾಗ್‌ಶೀಟಿನ ಪಕ್ಕ ಎಲ್.ಸಿ. ಪುಸ್ತಕ ತೆರೆದೇ ಇದೆ. ದೊಡ್ಡದು ಮಾಡಿ ನೋಡಿದರೆ ನನ್ನ ಅಕ್ಷರ: ಮೂರನೇ ಫೀಡರ್, ಹುಲುಗೇಶ್, 9.50. ವಾಪಸ್ ಬಂದ ಸಮಯದ ಕಾಲಂ ಖಾಲಿ.

ಆಗಸ್ಟ್ 14, ಗುರುವಾರ

ಪಲ್ಲವಿ ಮೇಡಂ ಮುಂದೆ ಎಲ್ಲ ಹೇಳಿದೆ, ಆರನೇ ತಾರೀಖಿನ ‘ಆಯ್ತು ಸರ್’ ಕೂಡ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡಿದರು.

“ಇದನ್ನ ಕೊಡ್ರಿ ಅಂತ ನಿಮ್ಮನ್ನ ಯಾರೂ ಒತ್ತಾಯ ಮಾಡಂಗಿಲ್ಲ. ವಕೀಲೆಯಾಗಿ ನಾ ಕೊಡಬ್ಯಾಡ್ರಿ ಅಂತೀನಿ. ಎಲ್.ಸಿ. ಕೊಟ್ಟಿದ್ರಿ, ವಾಪಸ್ ಬಂದಿರಲಿಲ್ಲ, ಆದ್ರೂ ಚಾರ್ಜ್ ಮಾಡಿದ್ರಿ. ಅದನ್ನ ಈ ಫೋಟೊನ ಹೇಳತೈತಿ.”

“ಕೊಡದಿದ್ರ?”

“ಬಿ ರಿಪೋರ್ಟ್ ಆಗಬಹುದು. ನೀವು ಕೆಲಸಕ್ಕ ವಾಪಸ್.”

“ತುಳಸಿಗೆ?”

“ಅವರಿಗೆ ಏನೂ ಇಲ್ಲ” ಎಂದು, ಫೋನ್ ವಾಪಸ್ ಕೊಡುತ್ತ, “ನಾ ಅವರ ವಕೀಲೆ ಅಲ್ಲ, ನಿಮ್ಮಾಕಿ” ಎಂದರು.

ಮನೆಗೆ ಹೋಗಿ ಅಪ್ಪನ ಮುಂದೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಆ ಹುಡುಗ ಎಲ್.ಸಿ. ಕೇಳಿ ತಗೊಂಡಿದ್ದು ಖರೆ ಏನವ್ವ?” ಖರೆ ಎಂದೆ. ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಿಗೆ ಬಂದು ನಿಂತರು.

ಮಧ್ಯಾಹ್ನ ಪಲ್ಲವಿ ಮೇಡಂ ಅವರನ್ನೂ ಕರೆದುಕೊಂಡು ಠಾಣೆಗೆ ಹೋಗಿ ಫೋನನ್ನೇ ಒಪ್ಪಿಸಿದೆ. ಎಸ್.ಐ. ಪಂಚನಾಮೆ ಬರೆದು, ರಸೀದಿ ಕೊಡುವ ಮುಂಚೆ ಕೇಳಿದರು: “ಇದು ನಿಮ್ಮ ಮ್ಯಾಲೇ ಬರತೈತಿ. ಗೊತ್ತೈತೇನ್ರಿ?”

“ಗೊತ್ತೈತ್ರಿ. ಚಾರ್ಜ್ ಮಾಡಿದಾಕಿ ನಾನು.”

ನವೆಂಬರ್ 11, ಮಂಗಳವಾರ

ಚಾರ್ಜ್‌ಶೀಟಿನ ನಕಲು ಕೈಗೆ ಬಂತು. ಒಂದನೇ ಆರೋಪಿ ಲಿಂಗರಾಜ್, ಎರಡನೇ ಆರೋಪಿ ನಾನು. ಫೋನ್ ದಾಖಲೆಯ ಪ್ರಕಾರ 11.40ಕ್ಕೆ ಅವರು ಇದ್ದದ್ದು ಪಂಪ್‌ಹೌಸ್ ಶಾಮಿಯಾನದ ಬಳಿ. ಹುಲುಗೇಶ್ ಹತ್ತಿದ ಕಂಬ ಅಲ್ಲಿಂದ ಮೂರೂವರೆ ಕಿಲೋಮೀಟರ್. ಪುಸ್ತಕದ ಹಾಳೆ ಬದಲಿಸಿದ್ದಕ್ಕೆ ಅವರ ಮೇಲೆ ಬೇರೆ ಸೆಕ್ಷನ್‌ಗಳೂ ಸೇರಿವೆ.

ನನ್ನ ಮೇಲಿನದು ಹಾಗೇ ಇದೆ. ಇರಬೇಕಾದದ್ದೇ.

ಸಾಕ್ಷಿಗಳ ಪಟ್ಟಿಯಲ್ಲಿ ಏಳನೆಯವಳು ಚಂದ್ರಕಲಾ. ಮಧ್ಯಾಹ್ನ ಎರಡಕ್ಕೆ ಬಂದೆ ಎಂಬ ಹೇಳಿಕೆಯನ್ನು ಬದಲಿಸಿಲ್ಲ. ಎಲ್ಲ ಹೊರಬಿದ್ದ ಮೇಲೂ ಬದಲಿಸಿಲ್ಲ. ಅವಳ ನಂಬರಿಗೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ಪಾಟೀಸವಾಲಿನಲ್ಲಿ ಅವಳನ್ನು ಕೇಳೋಣ ಎನ್ನುತ್ತಾರೆ ಪಲ್ಲವಿ ಮೇಡಂ. ಅವಳು ಕಟಕಟೆಯಲ್ಲಿ ನಿಂತು ನನ್ನ ಮುಖ ನೋಡಿ ಅದನ್ನೇ ಹೇಳುವುದನ್ನು ಕಲ್ಪಿಸಿಕೊಂಡರೆ ಈಗಲೂ ರಾತ್ರಿ ಎದ್ದು ಕೂರುತ್ತೇನೆ. ಈ ನೋವು ಹೋಗುವಂಥದ್ದಲ್ಲ ಎಂದು ಕಾಣುತ್ತದೆ.

ತುಳಸಿಯ ಫೈಲು ಮತ್ತೆ ಮೇಜಿಗೆ ಬಂದಿದೆಯಂತೆ. ಆದೇಶ ಇನ್ನೂ ಆಗಿಲ್ಲ.

2026 ಜನವರಿ 20, ಮಂಗಳವಾರ

ಇವತ್ತು ಕೋರ್ಟಿನಲ್ಲಿ ಆರೋಪ ಓದಿ ಹೇಳಿದರು. ಲಿಂಗರಾಜ್ ನನ್ನಿಂದ ನಾಲ್ಕು ಅಡಿ ದೂರ ನಿಂತಿದ್ದರು, ಕೈಕಟ್ಟಿಕೊಂಡು. ನ್ಯಾಯಾಧೀಶರು ಮೊದಲು ಅವರನ್ನು, ಆಮೇಲೆ ನನ್ನನ್ನು ಕೇಳಿದರು: “ಆರೋಪ ಒಪ್ಪಿಕೊಳ್ತೀರಾ?”

ಪಲ್ಲವಿ ಮೇಡಂ ಮೊದಲೇ ಹೇಳಿಕೊಟ್ಟಿದ್ದರು. “ಇಲ್ಲ” ಎಂದೆ. ಬರೆದುಕೊಂಡು ವಿಚಾರಣೆಗೆ ದಿನಾಂಕ ಕೊಟ್ಟರು. ಎಲ್ಲ ಐದು ನಿಮಿಷ.

ಹೊರಗಿನ ಪಡಸಾಲೆಯ ಬೆಂಚಿನಲ್ಲಿ ತುಳಸಿ ಕೂತಿದ್ದಳು, ಅತ್ತೆ ಕರೆಮ್ಮನ ಜೊತೆ. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ. ದೂರು ಕೊಟ್ಟವಳು ಅವಳೇ, ಅವಳ ಜೊತೆ ಮಾತಾಡಬಾರದೆಂದು ನನಗೆ ಪಲ್ಲವಿ ಮೇಡಂ ಅವರ ಕಟ್ಟಪ್ಪಣೆ ಇತ್ತು. ದಾಟಿ ಹೋಗುತ್ತಿದ್ದೆ.

“ಒಳಗ ‘ಇಲ್ಲ’ ಅಂದ್ಯಲ್ಲಕ್ಕ” ಎಂದಳು ತುಳಸಿ.

ನಿಂತೆ. ಇಲ್ಲ ಎಂದರೆ ಮಾಡಿಲ್ಲ ಅಂತಲ್ಲ, ಎಲ್ಲವನ್ನೂ ವಿಚಾರಣೆ ಮಾಡಿ ಅಂತ ಅರ್ಥ, ಕಾನೂನಿನಲ್ಲಿ ಹಾಗೇ ಹೇಳಬೇಕು ಎಂದು ಶುರುಮಾಡಿದೆ. ಅವಳು ಕೇಳಿದಳು, ಅರ್ಥವಾಯಿತೋ ಇಲ್ಲವೋ.

“ಅದು ಅವರಿಗೆ. ನನಗ ಹೇಳು.”

“ಹೌದು” ಎಂದೆ. “ಸ್ವಿಚ್ ಹಾಕಿದಾಕಿ ನಾನು. ಅವರು ಇಳದಾರೋ ಇಲ್ಲೋ ಅಂತ ಅವರನ್ನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.”

ಕರೆಮ್ಮ ಮುಖ ಆಚೆ ತಿರುಗಿಸಿದರು. ತುಳಸಿ ತಿರುಗಿಸಲಿಲ್ಲ. ಬಯ್ಯುತ್ತಾಳೆ ಎಂದು ಕಾಯುತ್ತಿದ್ದೆ. ಬೆಂಚಿನ ಮೇಲಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಜಾಗ ಬಿಟ್ಟಳೋ, ಸುಮ್ಮನೆ ಇಟ್ಟುಕೊಂಡಳೋ ಗೊತ್ತಿಲ್ಲ. ನಾನು ಕೂತೆ.

“ಅವತ್ತು ಮುಂಜಾನೆ ಅವರು ಫೋನ್ ಮಾಡಿದಾಗ ಏನಂದ್ರು?”

ಇದನ್ನು ಈವರೆಗೆ ಈ ಡೈರಿಯಲ್ಲಿ ಕೂಡ ಬರೆದಿರಲಿಲ್ಲ. ಹೇಳಿದೆ. ಎಲ್.ಸಿ. ನಂಬರ್ ಕೊಟ್ಟಾಗ ಅದನ್ನು ತಿರುಗಿ ಓದಿ ಹೇಳಿದ್ದರು. ಒಂದು ಅಂಕಿ ನಾನೇ ತಪ್ಪು ಕೊಟ್ಟಿದ್ದೆ, ಹಿಂದಿನ ನಂಬರಿಗೆ ಹೊಂದುತ್ತಿಲ್ಲವೆಂದು ‘ಮೇಡಂ, ಇನ್ನೊಂದ್ಸಲ ನೋಡ್ರಿ’ ಎಂದು ಅವರೇ ತಿದ್ದಿಸಿದ್ದರು. ‘ನಾನ ಫೋನ್ ಮಾಡ್ತೀನಿ, ಅಲ್ಲೀತನ ಬಿಡಬ್ಯಾಡ್ರಿ’ ಎಂದಿದ್ದರು.

ತುಳಸಿ ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದನ್ನು ಇನ್ನೊಬ್ಬರು ಹೇಳಿದಾಗ ಆಡಿಸುವ ಹಾಗೆ. “ಇದನ್ನ ಅಲ್ಲಿ ಹೇಳ್ತಿಯಾ?” ಎಂದು ಕೋರ್ಟಿನ ಬಾಗಿಲು ತೋರಿಸಿದಳು.

“ನನ್ನ ಸರದಿ ಬಂದಾಗ ಹೇಳ್ತೀನಿ.”

“ಹಂಗಂದ್ರ ಪ್ರತಿ ತಾರೀಖಿಗೂ ಬರ್ತೀನಿ” ಎಂದಳು.

ಪಲ್ಲವಿ ಮೇಡಂ ಹೊರಗೆ ಬಂದು ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ನೋಡಿ ಅಲ್ಲೇ ನಿಂತುಬಿಟ್ಟರು. ನಾನು ಏಳಲಿಲ್ಲ.